ಫೈಬರ್ ಬಂದ ಮೇಲೆ ಮೆಶ್ ವೈಫೈ ಏಕೆ ಸೊರಗಿತು?

ಪ್ರಶ್ನೆ: ಮೈಸೂರಿನಲ್ಲಿ 30×40 ಸೈಟಿನ ಮನೆ ನಮ್ಮದು. ಕೆಳಗೊಂದು ಅಂತಸ್ತು, ಮೇಲೊಂದು ಅಂತಸ್ತು. ಇಷ್ಟು ವರ್ಷ ಟೆಲಿಫೋನ್ ತಂತಿಯ ಬ್ರಾಡ್‌ಬ್ಯಾಂಡ್ ಇತ್ತು, ವೇಗ 20 ಎಂಬಿಪಿಎಸ್. ಮೋಡೆಮ್ ಮಹಡಿಯ ಹಿಂಬದಿಯ ಓದುವ ಕೋಣೆಯಲ್ಲಿತ್ತು. ಮನೆಯಿಡೀ ಒಂದೇ ವೈಫೈ ಹರಡುವ ಮೆಶ್, ಡೆಕೊ ಎಂ4ನ ಮೂರು ಯೂನಿಟ್‌ಗಳನ್ನು ಹಾಲ್, ಅಡುಗೆಮನೆ, ಓದುವ ಕೋಣೆಯಲ್ಲಿ ಹಾಕಿದ್ದೆವು, ಎಲ್ಲ ಕಡೆ ಚೆನ್ನಾಗಿಯೇ ಬರುತ್ತಿತ್ತು. ಈಗ 300 ಎಂಬಿಪಿಎಸ್‌ನ ಫೈಬರ್ ಹಾಕಿಸಿದ್ದೇವೆ. ಹೊಸ ಬಾಕ್ಸನ್ನು ಕೆಳಗಿನ ಹಾಲ್‌ನಲ್ಲಿ, ಟಿವಿ ಪಕ್ಕ ಕೂರಿಸಿದ್ದಾರೆ. ಬಾಕ್ಸ್‌ನದೇ ವೈಫೈ ಹಿಡಿದರೆ ಹತ್ತಿರದಲ್ಲಿ 280 ಬರುತ್ತದೆ. ಮೆಶ್ ರೀಸೆಟ್ ಮಾಡಿ, ಹಳೆಯ ಮೋಡೆಮ್‌ನ ಕೇಬಲ್‌ನಲ್ಲೇ ಬಾಕ್ಸ್‌ಗೆ ಜೋಡಿಸಿದೆ. ಮೆಶ್ ಹಿಡಿದರೆ ಹಾಲ್‌ನಲ್ಲೇ 94 ದಾಟುವುದಿಲ್ಲ, ಓದುವ ಕೋಣೆಯಲ್ಲಿ 35. ಸಿಸಿಟಿವಿ ಮೊಬೈಲ್‌ನಲ್ಲಿ ತೆರೆಯುತ್ತಿಲ್ಲ. ಆಫೀಸ್ ವಿಪಿಎನ್ (ಮನೆಯಿಂದ ಆಫೀಸಿನ ನೆಟ್‌ವರ್ಕ್‌ಗೆ ಸೇರಿಸುವುದು) ಕನೆಕ್ಟ್ ಆಗುತ್ತದೆ, ಆದರೆ ದೊಡ್ಡ ಫೈಲ್ ತೆರೆದರೆ ಅಲ್ಲೇ ನಿಂತುಬಿಡುತ್ತದೆ. ಹೊಸ ಮೆಶ್ ಕೊಳ್ಳಬೇಕೇ?

ಉತ್ತರ: ಈಗಲೇ ಬೇಡ. ನಿಮ್ಮ ಎಂ4 ಯೂನಿಟ್‌ಗಳು 300ರ ಪ್ಲಾನ್‌ಗೆ ಸಾಲುತ್ತವೆ. ನೀವು ಹೇಳಿದ ನಾಲ್ಕು ತೊಂದರೆಗಳಿಗೆ ನಾಲ್ಕು ಬೇರೆ ಬೇರೆ ಕಾರಣಗಳಿವೆ, ಅವುಗಳಲ್ಲಿ ಒಂದೂ ಮೆಶ್ ಹಳತಾಯಿತು ಎಂಬುದಲ್ಲ. ಲೈನ್‌ನಲ್ಲಿ 20 ಮಾತ್ರ ಬರುತ್ತಿದ್ದಾಗ ದೂರದ ಯೂನಿಟ್ 35 ಸಾಗಿಸಿದರೂ ಧಾರಾಳವಾಗಿತ್ತು. ಮನೆಯೊಳಗಿನ ಕೊರತೆ ಆಗಲೂ ಇತ್ತು, ಲೈನ್ ನಿಧಾನವಾಗಿದ್ದರಿಂದ ಕಾಣುತ್ತಿರಲಿಲ್ಲ. ಜೊತೆಗೆ ಇಂಟರ್ನೆಟ್ ಮನೆಗೆ ಬರುವ ಬಾಗಿಲೇ ಬದಲಾಗಿದೆ: ಮಹಡಿಯ ಹಿಂಬದಿಯಿಂದ ಕೆಳಗಿನ ಮುಂಬದಿಗೆ. ಯೂನಿಟ್‌ಗಳು ಮಾತ್ರ ಹಳೆಯ ಬಾಗಿಲಿನ ಲೆಕ್ಕದಲ್ಲೇ ಕೂತಿವೆ.

ಮೊದಲು ಆ 94. ಈ ಅಂಕಿ ಬಂದರೆ ವೈಫೈಯನ್ನು ಅನುಮಾನಿಸಲೇ ಬೇಡಿ. ವೈಫೈ ದುರ್ಬಲವಾಗಿದ್ದರೆ ವೇಗ 60, 110, 85 ಎಂದು ಏರಿಳಿಯುತ್ತದೆ. ಪ್ರತಿ ಸಲವೂ 93, 94, 95ರ ಆಸುಪಾಸಿನಲ್ಲೇ ನಿಂತರೆ ದಾರಿಯಲ್ಲಿ ಎಲ್ಲೋ ಒಂದು ತಂತಿಯ ಜೋಡಣೆ 100 ಎಂಬಿಪಿಎಸ್‌ಗೆ ಇಳಿದಿದೆ ಎಂದೇ ಅರ್ಥ. ಪ್ರತಿ ಪ್ಯಾಕೆಟ್‌ಗೂ (ಡೇಟಾ ತುಣುಕಿಗೂ) ಹಚ್ಚುವ ವಿಳಾಸ ಮತ್ತು ಲೆಕ್ಕದ ಬೈಟ್‌ಗಳಿಗೆ ಐದಾರು ಹೋಗಿ 94 ಉಳಿಯುತ್ತದೆ. ಎಂ4ನ ಎರಡೂ ಪೋರ್ಟ್‌ಗಳು (ಕೇಬಲ್ ಸಿಕ್ಕಿಸುವ ಕಿಂಡಿಗಳು) ಗಿಗಾಬಿಟ್‌ನವು, ಅಂದರೆ 1000 ಎಂಬಿಪಿಎಸ್‌ನವು, ಅಲ್ಲಿ ತಪ್ಪಿಲ್ಲ. (ನೋಡಲು ಹೆಚ್ಚುಕಡಿಮೆ ಹಾಗೇ ಇರುವ ಡೆಕೊ ಇ4ನ ಪೋರ್ಟ್‌ಗಳು 100ರವು. ಯೂನಿಟ್‌ನ ತಳದ ಲೇಬಲ್ ಒಮ್ಮೆ ಓದಿಬಿಡಿ.) ಹಾಗಾಗಿ ಉಳಿಯುವುದು ಎರಡು ಜಾಗ.

ಒಂದು, ಆ ಹಳೆಯ ಮೋಡೆಮ್ ಕೇಬಲ್. ಅದರ ತುದಿಯ ಪಾರದರ್ಶಕ ಪ್ಲಗ್ಗನ್ನು, ಕೊಂಡಿ ಕೆಳಗಿರುವಂತೆ, ಬೆಳಕಿಗೆ ಹಿಡಿದು ನೋಡಿ. ಎಂಟು ಚಿನ್ನದ ಬಣ್ಣದ ಹಲ್ಲುಗಳಿರುತ್ತವೆ. ಎಂಟರ ಹಿಂದೆಯೂ ಬಣ್ಣದ ತಂತಿ ಕಂಡರೆ ಸರಿ. 1, 2, 3, 6ನೇ ಹಲ್ಲುಗಳ ಹಿಂದೆ ಮಾತ್ರ ತಂತಿ ಇದ್ದು ಉಳಿದ ನಾಲ್ಕು ಖಾಲಿ ಇದ್ದರೆ ಅದು ನಾಲ್ಕೇ ತಂತಿಯ ಕೇಬಲ್, 100ಕ್ಕಿಂತ ಮೇಲೆ ಹೋಗಲಾರದು. ಗಿಗಾಬಿಟ್‌ಗೆ ಎಂಟು ತಂತಿ, ಅಂದರೆ ನಾಲ್ಕು ಜೋಡಿಯೂ ಬೇಕು. ಎಂಟೂ ಇದ್ದು ಒಂದು ಒಳಗೇ ತುಂಡಾಗಿದ್ದರೂ ಫಲ ಅದೇ. ಒಂದು ಮೀಟರಿನ ಹೊಸ ಕ್ಯಾಟ್ 6 ಪ್ಯಾಚ್ ಕಾರ್ಡ್ (ಎರಡೂ ತುದಿಗೆ ಪ್ಲಗ್ ಇರುವ ಸಿದ್ಧ ಕೇಬಲ್) ಹಾಕಿ ನೋಡಿ.

ಎರಡು, ಬಾಕ್ಸ್‌ನ ಪೋರ್ಟ್. ಲೈನ್‌ಮ್ಯಾನ್ ಕೂರಿಸಿ ಹೋದ ಆ ಬಾಕ್ಸ್‌ಗೆ ಓಎನ್‌ಟಿ ಅನ್ನುತ್ತಾರೆ. ಕಡಿಮೆ ಬೆಲೆಯ ಎಷ್ಟೋ ಓಎನ್‌ಟಿಗಳಲ್ಲಿ ಒಂದೇ ಪೋರ್ಟ್ ಗಿಗಾಬಿಟ್‌ನದು, ಮಿಕ್ಕ ಒಂದೋ ಮೂರೋ 100ರವು. ಎಲ್ಲವೂ ಒಂದೇ ತರ ಹಳದಿಯಾಗಿ ಕಾಣುತ್ತವೆ. ಯಾವುದರ ಪಕ್ಕ ‘ಜಿಇ’ ಎಂದಿದೆಯೋ ಅದಕ್ಕೆ ಡೆಕೊ ಹಾಕಿ. ಗುರುತೇ ಇಲ್ಲದಿದ್ದರೆ ಒಂದೊಂದೇ ಪೋರ್ಟ್ ಬದಲಿಸಿ ಸ್ಪೀಡ್ ಟೆಸ್ಟ್ ಮಾಡಿ, 94 ದಾಟಿದ ಪೋರ್ಟ್‌ಗೆ ಮಾರ್ಕರ್‌ನಲ್ಲಿ ಗೆರೆ ಎಳೆಯಿರಿ. ಗಿಗಾಬಿಟ್ ಪೋರ್ಟ್ ಇರುವ ಲ್ಯಾಪ್‌ಟಾಪನ್ನು ಅದೇ ಪೋರ್ಟ್‌ಗೆ ಕೇಬಲ್‌ನಲ್ಲಿ ಜೋಡಿಸಿದಾಗ 280ರಿಂದ 300 ಬಂತೆಂದರೆ ಹೊರಗಿನ ಲೈನ್ ಸರಿಯಾಗಿದೆ. ಅಷ್ಟು ಖಚಿತವಾಗುವವರೆಗೆ ಮೆಶ್ ಮುಟ್ಟುವುದೇ ಬೇಡ.

ಇನ್ನು ಸಿಸಿಟಿವಿ. ಇದರ ಮೂಲ ನೀವು ಮಾಡಿದ ರೀಸೆಟ್‌ನಲ್ಲಿದೆ. ರೀಸೆಟ್ ಆದ ಡೆಕೊ ರೂಟರ್ ಮೋಡ್‌ನಲ್ಲಿ ಎದ್ದು, ತನ್ನದೇ ಹೊಸ ಬಡಾವಣೆ ಕಟ್ಟಿ, 192.168.68ರಿಂದ ಶುರುವಾಗುವ ವಿಳಾಸಗಳನ್ನು ಹಂಚುತ್ತದೆ. ಕ್ಯಾಮೆರಾ ದೃಶ್ಯ ದಾಖಲಿಸುವ ನಿಮ್ಮ ಡಿವಿಆರ್‌ಗೆ ಯಾರೋ ಹಿಂದೆ 192.168.1ರ ಸಾಲಿನ ಒಂದು ವಿಳಾಸವನ್ನು ಕೈಯಿಂದ ಬರೆದಿಟ್ಟಿರುತ್ತಾರೆ, ಸಿಸಿಟಿವಿ ಹಾಕುವವರ ರೂಢಿಯೇ ಅದು. ಡಿವಿಆರ್ ಈಗ ಇಲ್ಲದ ಬೀದಿಯ ಬಾಗಿಲು ತಟ್ಟುತ್ತಿದೆ. ಇದರ ಮೇಲೆ ಓಎನ್‌ಟಿಯೂ ರೂಟರ್, ಡೆಕೊವೂ ರೂಟರ್. ಡೆಕೊ ಒಳಗಿನ ಯಾವ ಸಾಧನವನ್ನೇ ಹೊರಗಿನಿಂದ ತಲುಪಬೇಕಾದರೂ ಎರಡು ಬಾಗಿಲು ತೆರೆಯಬೇಕು. ಇದಕ್ಕೇ ಡಬಲ್ ನ್ಯಾಟ್ ಎನ್ನುವುದು. ಒಂದನ್ನು ರೂಟರ್ ಕೆಲಸದಿಂದ ಇಳಿಸಬೇಕು. ಯಾವುದನ್ನು?

ನಿಮ್ಮ ಮನೆಗೆ ನನ್ನ ಸಲಹೆ: ಓಎನ್‌ಟಿ ರೂಟರ್ ಆಗಿಯೇ ಇರಲಿ, ಡೆಕೊ ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹೋಗಲಿ, ಅಂದರೆ ವೈಫೈ ಹರಡುವ ಕೆಲಸವನ್ನಷ್ಟೇ ಮಾಡಲಿ. ಡೆಕೊ ಆಪ್‌ನಲ್ಲಿ ಮೋರ್, ಅಡ್ವಾನ್ಸ್‌ಡ್, ಆಪರೇಷನ್ ಮೋಡ್, ಆಕ್ಸೆಸ್ ಪಾಯಿಂಟ್. ಯೂನಿಟ್‌ಗಳು ರೀಸ್ಟಾರ್ಟ್ ಆಗುತ್ತವೆ. ಇನ್ನು ವಿಳಾಸ ಹಂಚುವುದು ಓಎನ್‌ಟಿ ಒಂದೇ. ಅದರ ವಿಳಾಸ ಸಾಮಾನ್ಯವಾಗಿ 192.168.1.1 ಇರುವುದರಿಂದ ಡಿವಿಆರ್ ಏನನ್ನೂ ಮುಟ್ಟದೆ ಜೀವ ತಾಳುತ್ತದೆ. ಒಂದೇ ಎಚ್ಚರಿಕೆ: ಓಎನ್‌ಟಿ ಸೆಟಿಂಗ್‌ನ ಡಿಎಚ್‌ಸಿಪಿ ಪುಟದಲ್ಲಿ ಅದು ಹಂಚುವ ವಿಳಾಸಗಳ ಸಾಲನ್ನು 100ರಿಂದ 200ರವರೆಗೆ ಎಂದು ಕಿರಿದು ಮಾಡಿ, ಡಿವಿಆರ್‌ನ ವಿಳಾಸ ಆ ಸಾಲಿನ ಹೊರಗಿರಲಿ. ಇಲ್ಲವಾದರೆ ಒಂದು ದಿನ ಅದೇ ವಿಳಾಸ ಯಾರದೋ ಫೋನ್‌ಗೆ ಸಿಕ್ಕಿ ಕ್ಯಾಮೆರಾ ಬಂದು ಹೋಗಿ ಮಾಡುತ್ತದೆ, ಕಾರಣ ಹುಡುಕುವಷ್ಟರಲ್ಲಿ ಸಾಕಾಗುತ್ತದೆ.

ಆಕ್ಸೆಸ್ ಪಾಯಿಂಟ್ ಮೋಡ್‌ನಲ್ಲಿ ಇನ್ನೊಂದು ಅನುಕೂಲವಿದೆ. ಓಎನ್‌ಟಿಯ ಆ 100ರ ಪೋರ್ಟ್‌ಗಳೂ ಅದೇ ನೆಟ್‌ವರ್ಕ್‌ನಲ್ಲಿರುತ್ತವೆ. ಡಿವಿಆರ್, ಟಿವಿ ಇವಕ್ಕೆ 100 ಬೇಕಾದಷ್ಟಾಯಿತು. ಅವನ್ನು ಅಲ್ಲಿಗೇ ಹಾಕಿ, ವೈಫೈ ಹೊರೆಯೂ ಇಳಿಯುತ್ತದೆ. ಕಳೆದುಕೊಳ್ಳುವುದೆಂದರೆ ಡೆಕೊದ ಪೇರೆಂಟಲ್ ಕಂಟ್ರೋಲ್ ಮತ್ತು ಕ್ಯೂಒಎಸ್ (ಯಾವ ಸಾಧನಕ್ಕೆ ಆದ್ಯತೆ ಎಂಬ ಸೆಟಿಂಗ್). ರೂಟರ್ ಮೋಡ್‌ನಲ್ಲಿ ಮಾತ್ರ ಅವು ಸಿಗುತ್ತವೆ.

ಮಕ್ಕಳ ಸಮಯದ ಮಿತಿ ನಿಮಗೆ ಬೇಕೇ ಬೇಕು ಅಂದರೆ ದಾರಿ ತಿರುಗಿಸಿ: ಓಎನ್‌ಟಿಯನ್ನು ಬ್ರಿಜ್ ಮೋಡ್‌ಗೆ (ರೂಟರ್ ಕೆಲಸ ಬಿಟ್ಟು ಇಂಟರ್ನೆಟ್ ದಾಟಿಸುವುದಷ್ಟೇ) ಹಾಕಿಸಿ ಡೆಕೊವನ್ನೇ ರೂಟರ್ ಮಾಡಿ. ಇದಕ್ಕೆ ಕಂಪನಿಯ ಒಪ್ಪಿಗೆ ಬೇಕು, ಎಲ್ಲ ಕಂಪನಿಗಳೂ ಕೊಡುವುದಿಲ್ಲ. ಕೇಳುವ ಮೊದಲು ಪಿಪಿಪಿಒಇ (ಕಂಪನಿಯ ಲೈನ್‌ಗೆ ಲಾಗಿನ್ ಆಗುವ ವಿಧಾನ) ಯೂಸರ್‌ನೇಮ್, ಪಾಸ್‌ವರ್ಡ್, ವಿಲ್ಯಾನ್ (ಒಂದೇ ಫೈಬರ್‌ನಲ್ಲಿ ಇಂಟರ್ನೆಟ್, ಫೋನ್‌ಗಳನ್ನು ಬೇರೆ ಮಾಡುವ) ಸಂಖ್ಯೆ ಈ ಮೂರನ್ನೂ ಬರೆಸಿಕೊಳ್ಳಿ, ಓಎನ್‌ಟಿಯ ವ್ಯಾನ್ (ಹೊರಗಿನ ಲೈನಿನ) ಪುಟದ ಫೋಟೊ ತೆಗೆದಿಡಿ. ಬ್ರಿಜ್ ಆದ ಮೇಲೆ ಆ ಪುಟ ತೆರೆಯದೇ ಹೋಗಬಹುದು. ಲ್ಯಾಂಡ್‌ಲೈನ್ ಫೋನ್ ಓಎನ್‌ಟಿಗೇ ಜೋಡಿಸಿದ್ದರೆ ಇಂಟರ್ನೆಟ್‌ನ ವಿಲ್ಯಾನ್ ಮಾತ್ರ ಬ್ರಿಜ್ ಮಾಡಿ, ಫೋನಿನದನ್ನು ಹಾಗೇ ಬಿಡಿ ಎಂದು ಸ್ಪಷ್ಟವಾಗಿ ಹೇಳಿ. ಇಲ್ಲದಿದ್ದರೆ ಇಂಟರ್ನೆಟ್ ಬಂದು ಫೋನ್ ಸತ್ತಿರುತ್ತದೆ. ಡೆಕೊದ ಲ್ಯಾನ್ (ಮನೆಯೊಳಗಿನ) ವಿಳಾಸವನ್ನು 192.168.1.1 ಎಂದು ಬದಲಿಸಿದರೆ ಡಿವಿಆರ್ ಸಮಸ್ಯೆಯೂ ಅಲ್ಲಿಗೆ ಮುಗಿಯಿತು. ಆದರೆ ಓಎನ್‌ಟಿಗೂ ಅದೇ ವಿಳಾಸ ಉಳಿದಿದ್ದರೆ ಅದನ್ನು ಮೊದಲು ಬೇರೆ ಮಾಡಿ. ಬ್ರಿಜ್‌ನಲ್ಲಿ ಓಎನ್‌ಟಿಯ ಇತರ ಪೋರ್ಟ್‌ಗಳಿಗೆ ಏನನ್ನೂ ಹಾಕಬೇಡಿ, ಎಲ್ಲ ಸಾಧನಗಳೂ, ಉಳಿದ ಎರಡು ಯೂನಿಟ್‌ಗಳೂ, ಮುಖ್ಯ ಡೆಕೊದ ಹಿಂದೆಯೇ ಬರಬೇಕು.

ಕ್ಯಾಮೆರಾ ಮನೆಯೊಳಗೆ ತೆರೆದು, ಹೊರಗಿನಿಂದ ತೆರೆಯದಿದ್ದರೆ ಓಎನ್‌ಟಿಯ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ ನೋಡಿ. ಅದು 100.64ರಿಂದ 100.127ರ ನಡುವೆ ಶುರುವಾದರೆ ಕಂಪನಿ ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಮನೆಗಳಿಗೆ ಹಂಚುತ್ತಿದೆ. ಹಳೆಯ ಲೈನ್‌ನಲ್ಲಿ ಕೆಲಸ ಮಾಡುತ್ತಿದ್ದ ಪೋರ್ಟ್ ಫಾರ್ವರ್ಡಿಂಗ್ (ಹೊರಗಿನ ಕರೆಯನ್ನು ಡಿವಿಆರ್‌ಗೆ ತಿರುಗಿಸುವ ಸೆಟಿಂಗ್) ಅಲ್ಲಿ ನಡೆಯುವುದಿಲ್ಲ, ಎಷ್ಟು ಸಲ ಬರೆದರೂ ಅಷ್ಟೇ. ಡಿವಿಆರ್‌ನ ಮೆನುವಿನಲ್ಲಿ ಪಿ2ಪಿ ಅಥವಾ ಕ್ಲೌಡ್ ಆನ್ ಮಾಡಿ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಸೇರಿಸಿಕೊಳ್ಳಿ. ಪಾಸ್‌ವರ್ಡ್ ಮಾತ್ರ ಅಂಗಡಿಯವರು ಇಟ್ಟದ್ದೇ ಉಳಿಯಬಾರದು.

ವಿಪಿಎನ್ ನಿಲ್ಲುವುದಕ್ಕೆ ಕಾರಣ ಬಹುಮಟ್ಟಿಗೆ ಪ್ಯಾಕೆಟ್‌ನ ಅಳತೆ. ಸಾಮಾನ್ಯ ಪ್ಯಾಕೆಟ್ 1500 ಬೈಟ್. ಪಿಪಿಪಿಒಇ ತನ್ನ ಪಾಲಿಗೆ 8 ಬೈಟ್ ಹಿಡಿಯುವುದರಿಂದ ಉಳಿಯುವುದು 1492. ವಿಪಿಎನ್ ತನ್ನ ಹೊದಿಕೆ ಬೇರೆ ಸುತ್ತುತ್ತದೆ. ಸಣ್ಣ ಪ್ಯಾಕೆಟ್‌ಗಳು ದಾಟುತ್ತವೆ, ಹಾಗಾಗಿ ಲಾಗಿನ್ ಆಗುತ್ತದೆ. ದೊಡ್ಡ ಫೈಲಿನ ತುಂಬಿದ ಪ್ಯಾಕೆಟ್‌ಗಳು ದಾರಿಯಲ್ಲೇ ಬೀಳುತ್ತವೆ. ವಿಪಿಎನ್ ಆಫ್ ಮಾಡಿ ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಯಾವುದಾದರೂ ಸೈಟ್‌ಗೆ ಪಿಂಗ್ (ಉತ್ತರ ಬರುತ್ತದೆಯೇ ನೋಡುವ ಆದೇಶ) ಮಾಡಿ, ಜೊತೆಗೆ ಮೈನಸ್ ಎಫ್ ಮತ್ತು ಮೈನಸ್ ಎಲ್ 1464 (-f -l 1464) ಸೇರಿಸಿ. 1464ಕ್ಕೆ ಉತ್ತರ ಬಂದು 1472ಕ್ಕೆ ಬರದಿದ್ದರೆ ಲೈನ್ 1492ರದ್ದು (ಮಿಕ್ಕ 28 ಬೈಟ್ ಪಿಂಗ್‌ನ ಹೆಡರ್‌ಗೆ). ಪಿಪಿಪಿಒಇ ನಡೆಸುವ ಸಾಧನದಲ್ಲಿ ಎಂಟಿಯು (ಪ್ಯಾಕೆಟ್‌ನ ಗರಿಷ್ಠ ಅಳತೆ) 1492 ಇದೆಯೇ ನೋಡಿ. ಇದ್ದೂ ತೊಂದರೆ ಉಳಿದರೆ ಆಫೀಸಿನ ಐಟಿಯವರಿಗೆ ಹೇಳಿ ವಿಪಿಎನ್‌ನ ಎಂಟಿಯುವನ್ನು 1400ಕ್ಕೋ 1360ಕ್ಕೋ ಇಳಿಸಿಕೊಳ್ಳಿ.

ಈಗ ಮುಖ್ಯ ವಿಷಯಕ್ಕೆ ಬರೋಣ, ಮಹಡಿಯ 35. ಎಂ4ನಲ್ಲಿ ಎರಡೇ ಬ್ಯಾಂಡ್, 2.4 ಮತ್ತು 5 ಗಿಗಾಹರ್ಟ್ಸ್. 5 ಗಿಗಾಹರ್ಟ್ಸ್‌ನ ಒಂದೇ ರೇಡಿಯೊ ನಿಮ್ಮ ಫೋನ್ ಜೊತೆಗೂ ಮಾತಾಡಬೇಕು, ಹಿಂದಿನ ಯೂನಿಟ್ ಜೊತೆಗೂ ಮಾತಾಡಬೇಕು. ಎರಡೂ ಒಂದೇ ಚಾನೆಲ್‌ನಲ್ಲಿ, ಸರದಿಯ ಮೇಲೆ. ಹಾಗಾಗಿ ಗಾಳಿಯಲ್ಲಿ ಒಂದು ಹೆಜ್ಜೆ ಹೆಚ್ಚಾದಾಗಲೆಲ್ಲ ವೇಗ ಸುಮಾರು ಅರ್ಧವಾಗುತ್ತದೆ. ಹಾಲ್‌ನಿಂದ ಅಡುಗೆಮನೆಯ ಯೂನಿಟ್‌ಗೆ ಹೋಗಿ, ಅಲ್ಲಿಂದ ಮಹಡಿಗೆ ಹತ್ತಿದರೆ ಎರಡು ಹೆಜ್ಜೆ. ನಡುವೆ ಕಬ್ಬಿಣದ ಸರಳು ಹೆಣೆದ ಆರ್‌ಸಿಸಿ ಚಾವಣಿ, ಒಂಬತ್ತು ಇಂಚಿನ ಗೋಡೆ. 35 ಉಳಿದದ್ದೇ ಹೆಚ್ಚು.

ಇದಕ್ಕೆ ಮದ್ದು ಒಂದೇ ಒಂದು ತಂತಿ. ಹಾಲ್‌ನಿಂದ ಓದುವ ಕೋಣೆಗೆ ಈಥರ್ನೆಟ್ ಕೇಬಲ್ ಎಳೆಯಿರಿ. ಗೋಡೆ ಒಡೆಯಬೇಕೆಂದು ಹೆದರಬೇಡಿ, ದಾರಿ ನಿಮ್ಮ ಮನೆಯಲ್ಲಿ ಆಗಲೇ ಇರುವ ಸಾಧ್ಯತೆ ಹೆಚ್ಚು. ಹಳೆಯ ಮೋಡೆಮ್‌ಗೆ ಬರುತ್ತಿದ್ದ ಟೆಲಿಫೋನ್ ತಂತಿ ಗೋಡೆಯೊಳಗಿನ ಪಿವಿಸಿ ಪೈಪ್‌ನಲ್ಲಿ ಬಂದಿದ್ದರೆ, ಹಾಲ್‌ನ ಫೋನ್ ಪಾಯಿಂಟ್‌ನಿಂದ ಮಹಡಿಯ ಪಾಯಿಂಟ್‌ವರೆಗೆ ಅದೇ ಪೈಪ್ ನಿಮ್ಮ ಹೆದ್ದಾರಿ, ಆ ನಿರುಪಯೋಗಿ ತಂತಿಯೇ ಎಳೆಯುವ ಹಗ್ಗ. ಹಳೆಯ ಲೈನ್ ಸರೆಂಡರ್ ಆಗಿದೆಯೆಂದು ಖಚಿತಪಡಿಸಿಕೊಂಡು ಶುರು ಮಾಡಿ. ಜೀವ ಇರುವ ಲೈನ್‌ನಲ್ಲಿ 48 ವೋಲ್ಟ್ ಡಿಸಿ ಇರುತ್ತದೆ, ರಿಂಗ್ ಆದಾಗ ಇನ್ನೂ ಹೆಚ್ಚು.

ಕೆಲಸ ಹೀಗೆ. ಮೊದಲು ಹಳೆಯ ತಂತಿಯ ಒಂದು ತುದಿಯನ್ನು ಒಂದಡಿ ಎಳೆದು ನೋಡಿ, ಇನ್ನೊಂದು ತುದಿ ಸರಿದರೆ ಪೈಪ್ ಮುಕ್ತವಾಗಿದೆ. ಹೊಸ ಕೇಬಲ್‌ನ ಹೊರಕವಚವನ್ನು ನಾಲ್ಕು ಇಂಚು ಸುಲಿಯಿರಿ. ಎಂಟು ತಂತಿಗಳಲ್ಲಿ ನಾಲ್ಕನ್ನು ಎರಡು ಇಂಚು ಗಿಡ್ಡ ಕತ್ತರಿಸಿ, ಆಗ ಗಂಟು ಒಂದೇ ಕಡೆ ದಪ್ಪವಾಗದೆ ಮೂಲಂಗಿಯ ತುದಿಯ ಹಾಗೆ ಸಣ್ಣಗಾಗುತ್ತಾ ಹೋಗುತ್ತದೆ. ಟೆಲಿಫೋನ್ ತಂತಿಗೆ ಹೆಣೆದು ಇನ್ಸುಲೇಷನ್ ಟೇಪ್ ಬಿಗಿಯಾಗಿ ಸುತ್ತಿ. ಒಬ್ಬರು ಮೇಲಿಂದ ನಿಧಾನ ಎಳೆಯಲಿ, ಇನ್ನೊಬ್ಬರು ಕೆಳಗಿನಿಂದ ಟಾಲ್ಕಂ ಪೌಡರ್ ಸವರುತ್ತಾ ತಳ್ಳಲಿ. ತಿರುವಿನಲ್ಲಿ ಸಿಕ್ಕಿದರೆ ಜಗ್ಗಬೇಡಿ, ಅರ್ಧ ಅಡಿ ಹಿಂದಕ್ಕೆ ಬಿಟ್ಟು, ಸ್ವಲ್ಪ ತಿರುಚಿ ಮತ್ತೆ ಎಳೆಯಿರಿ. ಕರೆಂಟ್ ವೈರ್ ಇರುವ ಪೈಪ್‌ಗೆ ಮಾತ್ರ ಈ ಕೇಬಲ್ ಹಾಕಲೇಬಾರದು.

ನಿಮ್ಮ ಅಳತೆಯ ಮನೆಗೆ 25 ಮೀಟರ್ ಕ್ಯಾಟ್ 6, ಎರಡು ಗೋಡೆ ಐಒ ಬಾಕ್ಸ್ (ಈಥರ್ನೆಟ್ ಕೇಬಲ್ ಸಿಕ್ಕಿಸುವ ಸಾಕೆಟ್), ಮೂರು ಪ್ಯಾಚ್ ಕಾರ್ಡ್ ಸಾಕು: ಓಎನ್‌ಟಿಯಿಂದ ಡೆಕೊಗೆ ಒಂದು, ಡೆಕೊದಿಂದ ಹಾಲ್‌ನ ಐಒಗೆ ಒಂದು, ಮಹಡಿಯಲ್ಲಿ ಒಂದು. ಪೈಪ್ ತೀರಾ ಸಣ್ಣದಿದ್ದರೆ ತೆಳುವಾದ ಕ್ಯಾಟ್ 5ಇ ಹಾಕಿ, ಅದೂ 100 ಮೀಟರ್‌ವರೆಗೆ ಗಿಗಾಬಿಟ್ ಸಾಗಿಸುತ್ತದೆ. ಅಂಗಡಿಯಲ್ಲಿ ‘ಪ್ಯೂರ್ ಕಾಪರ್’ ಎಂದೇ ಕೇಳಿ, ಒಂದು ತಂತಿಯ ತುದಿಯನ್ನು ಬ್ಲೇಡ್‌ನಲ್ಲಿ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಎಳೆಯುವಾಗಲೋ ಕ್ರಿಂಪ್ ಮಾಡುವಾಗಲೋ ಒಂದು ತಂತಿ ಮುರಿದು ಮತ್ತೆ 94ಕ್ಕೇ ಬಂದು ನಿಲ್ಲುತ್ತೀರಿ. ಬಣ್ಣದ ಕ್ರಮ ಎರಡೂ ತುದಿಯಲ್ಲಿ ಒಂದೇ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಐಒ ಬಾಕ್ಸ್‌ನ ಒಳಗೆ ಅಚ್ಚಾಗಿರುವ ಬಣ್ಣಗಳಲ್ಲಿ ‘ಬಿ’ ಸಾಲನ್ನು ಅನುಸರಿಸಿ.

ಪೈಪ್ ಮುಚ್ಚಿಹೋಗಿದ್ದರೆ ಹೊರಗೋಡೆಯ ಮೇಲೆ ಎಳೆಯಬಹುದು, ಆದರೆ ಬಿಸಿಲು ತಡೆಯುವ ಕಪ್ಪು ಹೊರಕವಚದ ಔಟ್‌ಡೋರ್ ಕೇಬಲ್ಲೇ ಬೇಕು. ಗೋಡೆಯ ತೂತು ಹೊರಗಡೆಗೆ ಇಳಿಜಾರಾಗಿರಲಿ, ಒಳಹೋಗುವ ಮುನ್ನ ಕೇಬಲ್ ಅರ್ಧ ಅಡಿ ಕೆಳಗೆ ಜೋತು ಮೇಲೇರಲಿ. ಮಳೆನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಒಳಗೆ ಹರಿಯುವುದಿಲ್ಲ. ತಾರಸಿ ಮೇಲೆ ಉದ್ದಕ್ಕೆ ಹಾಯಿಸಬೇಡಿ, ಸಿಡಿಲಿನ ದಿನ ಅದು ಯೂನಿಟ್ ಸುಡುತ್ತದೆ.

ಕೇಬಲ್ ಸಿಕ್ಕಿಸಿದರೆ ಡೆಕೊ ತಾನಾಗಿಯೇ ಗಾಳಿ ಬಿಟ್ಟು ತಂತಿ ಹಿಡಿಯುತ್ತದೆ. ಆಪ್‌ನಲ್ಲಿ ಮಹಡಿಯ ಯೂನಿಟ್ ಈಥರ್ನೆಟ್‌ನಲ್ಲಿದೆ ಎಂದು ತೋರಿಸಬೇಕು. ನಡುವೆ ನೆಟ್‌ವರ್ಕ್ ಸ್ವಿಚ್ (ಒಂದು ಕೇಬಲನ್ನು ಹಲವಾಗಿಸುವ ಪೆಟ್ಟಿಗೆ) ಇದ್ದು, ಹಾಗೆ ತೋರಿಸದಿದ್ದರೆ ಸ್ವಿಚ್ ತೆಗೆದು ನೇರ ಜೋಡಿಸಿ ನೋಡಿ. ಮೆಶ್ ಯೂನಿಟ್‌ಗಳು ಪರಸ್ಪರ ಗುರುತಿಸಲು ಬಳಸುವ 1905.1 ಸಂದೇಶಗಳನ್ನು ಕೆಲವು ಸ್ವಿಚ್‌ಗಳು ದಾಟಿಸುವುದಿಲ್ಲ. ಮುಖ್ಯ ಡೆಕೊ ಓಎನ್‌ಟಿಗೆ ಜೋಡಿಸಿರುವಾಗ, ಬೇರೆ ಯೂನಿಟ್‌ನ ಒಂದು ಪೋರ್ಟನ್ನು ಮುಖ್ಯ ಡೆಕೊಗೂ ಇನ್ನೊಂದನ್ನು ಓಎನ್‌ಟಿಗೂ ಹಾಕಬೇಡಿ. ಸುತ್ತು ಕೂಡಿಕೊಂಡು ಇಡೀ ಮನೆಯ ನೆಟ್ ನಿಲ್ಲುತ್ತದೆ.

ಮುಖ್ಯ ಯೂನಿಟ್ಟನ್ನು ಟಿವಿಯ ಹಿಂದಿನಿಂದ ಹೊರಗೆ ತನ್ನಿ. ಟಿವಿ ದೊಡ್ಡದೊಂದು ಲೋಹದ ತಟ್ಟೆ, ಸಿಗ್ನಲ್‌ಗೆ ಅಡ್ಡ. ಎರಡು ಮೀಟರಿನ ಪ್ಯಾಚ್ ಕಾರ್ಡ್‌ನಲ್ಲಿ ಶೋಕೇಸ್‌ನ ಮೇಲೆ, ಐದಡಿ ಎತ್ತರಕ್ಕೆ ಇಡಿ. ಅಡುಗೆಮನೆಯ ಯೂನಿಟ್ಟನ್ನು ಫ್ರಿಜ್ ಮೇಲಿಂದ ಇಳಿಸಿ ಊಟದ ಕೋಣೆಗೆ ತನ್ನಿ. ಸಿಗ್ನಲ್ ಇಲ್ಲದ ಜಾಗದಲ್ಲಿ ಯೂನಿಟ್ ಇಟ್ಟರೆ ಅದಕ್ಕೂ ಸಿಗ್ನಲ್ ಸಿಗುವುದಿಲ್ಲ, ಅರ್ಧ ದಾರಿಯಲ್ಲಿಡಬೇಕು. ಫೋನ್‌ನಲ್ಲಿ ವೈಫೈ ಅನಲೈಸರ್ ಆಪ್ ಹಾಕಿ, ಯೂನಿಟ್ ಇಡುವ ಜಾಗದಲ್ಲಿ ನಿಂತು ಹಾಲ್‌ನ ಯೂನಿಟ್‌ನ 5 ಗಿಗಾಹರ್ಟ್ಸ್ ಸಿಗ್ನಲ್ ನೋಡಿ. ಮೈನಸ್ 60ರಿಂದ 65ರ ಒಳಗಿದ್ದರೆ ಒಳ್ಳೆಯ ಜಾಗ, ಮೈನಸ್ 75 ಆದರೆ ಇನ್ನೂ ಹತ್ತಿರ ಬನ್ನಿ. ಮಹಡಿಗೆ ತಂತಿ ಹೋದ ಮೇಲೆ ಈ ಮೂರನೆಯದನ್ನು ಎರಡು ದಿನ ಆಫ್ ಮಾಡಿ ನೋಡಿ. ಬೇಡವೇ ಬೇಡ ಅನ್ನಿಸಿದರೂ ಆಶ್ಚರ್ಯವಿಲ್ಲ, ಅಷ್ಟು ಗದ್ದಲ ಕಡಿಮೆ.

ಓಎನ್‌ಟಿಯ ಸ್ವಂತ ವೈಫೈ, 2.4 ಮತ್ತು 5 ಎರಡನ್ನೂ, ಆಫ್ ಮಾಡಲೇಬೇಕು. ಇಲ್ಲವಾದರೆ ಡೆಕೊ ಪಕ್ಕದಲ್ಲೇ ಅದು ಅದೇ ಗಾಳಿಗೆ ಸ್ಪರ್ಧಿಸುತ್ತದೆ. ಫೋನ್‌ಗಳೂ ಮಹಡಿ ಹತ್ತಿದ ಮೇಲೂ ಓಎನ್‌ಟಿಯ ಕೊನೆಯ ಒಂದು ಗೆರೆಯನ್ನೇ ಹಿಡಿದು ಕೂರುತ್ತವೆ. ಮೆಶ್‌ಗೆ ಹಳೆಯ ವೈಫೈ ಹೆಸರು, ಹಳೆಯ ಪಾಸ್‌ವರ್ಡನ್ನೇ ಅಕ್ಷರ ತಪ್ಪದೆ ಕೊಡಿ, ಸ್ಮಾರ್ಟ್ ಬಲ್ಬ್, ಪ್ಲಗ್, ಪ್ರಿಂಟರ್ ತಾವಾಗಿಯೇ ಬಂದು ಸೇರುತ್ತವೆ. ಹಳೆಯ ಪ್ರಿಂಟರ್ ಪದೇ ಪದೇ ಬಿಟ್ಟುಹೋದರೆ ಫಾಸ್ಟ್ ರೋಮಿಂಗ್ (ಯೂನಿಟ್‌ನಿಂದ ಯೂನಿಟ್‌ಗೆ ಬೇಗ ದಾಟಿಸುವ ಸೆಟಿಂಗ್) ಆಫ್ ಮಾಡಿ.

ಇಷ್ಟೆಲ್ಲ ಮಾಡುವಾಗ ಓಎನ್‌ಟಿಗೆ ಬರುವ ಹಳದಿಯೋ ಬಿಳಿಯೋ ಬಣ್ಣದ ತೆಳು ಫೈಬರ್ ಮೇಲೆ ಕಣ್ಣಿರಲಿ. ಅದರ ಹಸಿರು ತುದಿಯನ್ನು ಕಿತ್ತು ನೋಡಬೇಡಿ, ಬೆರಳು ತಾಗಿಸಬೇಡಿ. ಒಳಗಿನ ಬೆಳಕು ಕಣ್ಣಿಗೆ ಕಾಣದು, ಆದರೂ ಇರುತ್ತದೆ. ಉಳಿದ ಫೈಬರನ್ನು ಟೀ ಲೋಟದ ಬಾಯಿಗಿಂತ ಸಣ್ಣ ಸುರುಳಿ ಸುತ್ತಬೇಡಿ, ಮೊಳೆ ಬಿಗಿದು ಅಮುಕಬೇಡಿ. ಓಎನ್‌ಟಿಯ ಆಪ್ಟಿಕಲ್ ಪುಟದಲ್ಲಿ ಆರ್‌ಎಕ್ಸ್ ಪವರ್ (ಬಂದು ಸೇರುವ ಬೆಳಕಿನ ಬಲ) ಇರುತ್ತದೆ. ಜಿಪಾನ್ (ಮನೆಗಳಿಗೆ ಬರುವ ಸಾಮಾನ್ಯ ಬಗೆಯ ಫೈಬರ್) ಲೈನ್‌ಗೆ ಮೈನಸ್ 15ರಿಂದ 24 ಡಿಬಿಎಂ ಆರೋಗ್ಯಕರ, ಮೈನಸ್ 27 ಕೊನೆಯ ಗಡಿ. ಇವತ್ತಿನ ಅಂಕಿ ಬಾಕ್ಸ್ ಮೇಲೇ ಬರೆದು ಅಂಟಿಸಿ. ಮುಂದೆಂದಾದರೂ ನಿಧಾನವಾದಾಗ ಆ ಅಂಕಿ ಮೂರ್ನಾಲ್ಕು ಡಿಬಿ ಇಳಿದಿದ್ದರೆ ತಪ್ಪು ಮೆಶ್‌ನದಲ್ಲ, ಲೈನ್‌ನದು ಎಂದು ಅಂಕಿ ಹಿಡಿದೇ ದೂರು ಕೊಡಬಹುದು.

ಕರೆಂಟ್ ಹೋದಾಗ ಫೈಬರ್ ಸಾಯುವುದಿಲ್ಲ. ಒಂದು ಫೈಬರನ್ನು ಹಲವು ಮನೆಗಳಿಗೆ ಕವಲಾಗಿಸುವ ಬೀದಿಯ ಸ್ಪ್ಲಿಟರ್‌ಗೆ ವಿದ್ಯುತ್ತೇ ಬೇಡ, ಕಂಪನಿಯ ಕಡೆ ಬ್ಯಾಟರಿ ಇದ್ದರೆ ಸಾಕು. ಆದರೆ ಮನೆಯ ಇನ್ವರ್ಟರ್‌ಗೆ ಬದಲಾಗುವ ಕ್ಷಣದಲ್ಲಿ ಓಎನ್‌ಟಿ ರೀಸ್ಟಾರ್ಟ್ ಆದರೆ ಮೀಟಿಂಗ್ ಎರಡು ಮೂರು ನಿಮಿಷ ಕಡಿಯುತ್ತದೆ. 12 ವೋಲ್ಟ್‌ನ ಡಿಸಿ ಮಿನಿ ಯುಪಿಎಸ್ ಇದಕ್ಕೆಂದೇ ಸಿಗುತ್ತದೆ. ಓಎನ್‌ಟಿ ಮತ್ತು ಮುಖ್ಯ ಡೆಕೊದ ಅಡಾಪ್ಟರ್‌ಗಳ ಮೇಲಿನ ವೋಲ್ಟ್ ಒಂದೇ ಇದೆಯೇ ನೋಡಿ, ಆಂಪಿಯರ್ ಕೂಡಿಸಿ, ಅಷ್ಟು ಕೊಡುವುದನ್ನೇ ಕೊಳ್ಳಿ. ಮಹಡಿಯ ಯೂನಿಟ್‌ಗೆ ಬೇರೊಂದು ಬೇಕಾಗುತ್ತದೆ.

ತಂತಿ ಹೋದ ಮೇಲೆ ಓದುವ ಕೋಣೆಯಲ್ಲಿ ಫೋನ್‌ಗೆ 200ರ ಮೇಲೆ, ಕೇಬಲ್ ಹಾಕಿದ ಲ್ಯಾಪ್‌ಟಾಪ್‌ಗೆ ಪ್ಲಾನ್‌ನ ಪೂರ್ತಿ ವೇಗ ಬರಬೇಕು. ಹೊಸ ಮೆಶ್‌ನ ಯೋಚನೆಯನ್ನು ಎರಡು ಸಂದರ್ಭಕ್ಕೆ ಎತ್ತಿಡಿ. ಪ್ಲಾನ್ 500 ದಾಟಿದಾಗ ಎಂ4ನ ರೇಡಿಯೊ ಸಾಲದು, ವೈಫೈ 6ರದು ಬೇಕು. ಇಲ್ಲವೇ ಬಾಡಿಗೆ ಮನೆಯಾಗಿ ಎಲ್ಲೂ ಕೇಬಲ್ ಎಳೆಯಲಾಗದಿದ್ದಾಗ, ಯೂನಿಟ್‌ಗಳ ನಡುವಿನ ಮಾತಿಗೆ ಬೇರೆ ರೇಡಿಯೊ ಇರುವ ಟ್ರೈಬ್ಯಾಂಡ್ ಮೆಶ್. ಆಗಲೂ ಎರಡು ಯೂನಿಟ್‌ನದೇ ತೆಗೆದುಕೊಳ್ಳಿ, ಒಂದು ಹಾಲ್‌ಗೆ, ಇನ್ನೊಂದು ಮೆಟ್ಟಿಲಿನ ತಿರುವಿಗೆ. ಚಾವಣಿಯಲ್ಲಿ ಸಿಗ್ನಲ್‌ಗೆ ತೆರೆದ ದಾರಿ ಇರುವುದು ಅಲ್ಲೊಂದೇ ಕಡೆ.